ನಗಬಾರದ ಫೋಟೋ

"ಕೂದಲು ಪೂರ್ತಿ ಹಿಂದಕ್ಕೆ ಕಟ್ಟಿ. ಮತ್ತೆ... ನಗಬೇಡಿ."

"ನಗೋ ಹಾಗೆ ಕಾಣ್ತಿದೀನಾ?" ಅವಳು ಕೇಳಿದಳು.

ಕಾಸ್ಮೆಟಿಕ್ ಸರ್ಜರಿ ಕ್ಲಿನಿಕ್ಕಿನ ಪುಟ್ಟ ಕೋಣೆ. ಬಿಳಿ ಗೋಡೆ, ಒಂದು ಸ್ಟೂಲು, ಕ್ಯಾಮೆರಾ ಹಿಡಿದ ಫೋಟೋಗ್ರಾಫರ್.

"ನಕ್ಕರೆ ಕಿವಿ ಏಳುತ್ತೆ ಮೇಡಂ. ಡಾಕ್ಟರಿಗೆ ಅಳತೆ ಸಿಗಲ್ಲ."

ಅವಳು ಕೂದಲು ಕಟ್ಟಿದಳು. ಕಿವಿಗಳೆರಡೂ ಬಾಗಿಲು ತೆರೆದಂತೆ ಹೊರಬಂದವು. ಅವನು ಒಂದು ಕ್ಷಣ ಸುಮ್ಮನಾದ.

ನೋಡು, ಇವನಿಗೂ ಹಾಗೇ ಅನ್ನಿಸಿತು!

ಮನೆಯಲ್ಲಿ ಅಣ್ಣ ಈಗಲೂ ಕರೆಯುವುದು "ಹಿಡಿಕೆ" ಎಂದೇ. "ಹಿಡಿಕೆ, ನೀರು ತಾರೇ!" ಅವಳು ಈಜು ಕಲಿಸುವ ಕೆಲಸ ಹಿಡಿದದ್ದೂ ದಿನವಿಡೀ ರಬ್ಬರ್ ಟೋಪಿಯೊಳಗೆ ಕಿವಿ ಬಚ್ಚಿಡಬಹುದೆಂದು.

ಮುಂದಿನ ವಾರ ಆ ಫೋಟೋಗ್ರಾಫರ್ ಅವಳ ಈಜುಕೊಳದ ಅಂಚಿನಲ್ಲಿ ನಡುಗುತ್ತಾ ನಿಂತಿದ್ದ.

"ಈಜು ಕಲೀಬೇಕು. ನಗಬೇಡಿ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವನು ಈಜಿದ್ದು ಕಡಿಮೆ, ಮಾತಾಡಿದ್ದೇ ಹೆಚ್ಚು. 'ನೀವು' ಯಾವಾಗ 'ನೀನು' ಆಯಿತೋ! ಒಂದು ದಿನ ಅವಳು ಟೋಪಿ ಮರೆತು ಬಂದಿದ್ದಳು. ಮರೆತದ್ದು ನೆನಪಾದದ್ದು ಮನೆಗೆ ಹೋದ ಮೇಲೆ...

ಆಪರೇಷನ್ ಬೇಡವೆಂದು ಹೇಳಲು ಕ್ಲಿನಿಕ್ಕಿಗೆ ಹೋದಳು. ಅವನ ಕೋಣೆಯ ಬಾಗಿಲು ತೆರೆದಿತ್ತು. ಕಂಪ್ಯೂಟರಿನಲ್ಲಿ ಇಬ್ಬರಿದ್ದರು. ಇಬ್ಬರೂ ಅವಳೇ. ಒಬ್ಬಳ ಕಿವಿ ಹುಟ್ಟಿನಿಂದ ಬಂದದ್ದು. ಇನ್ನೊಬ್ಬಳ ಕಿವಿಯನ್ನು ಅವನು ಮೌಸ್ ಹಿಡಿದು ತಲೆಗೆ ಒತ್ತುತ್ತಿದ್ದ.

ಅಂದರೆ ಇವನಿಗೂ ಬೇಕಾದದ್ದು ಆ ಇನ್ನೊಬ್ಬಳೇ!

ಸದ್ದಿಲ್ಲದೆ ಹಿಂದಿರುಗಿ, ರಿಸೆಪ್ಷನ್‌ನಲ್ಲಿ "ಆಪರೇಷನ್ ಬೇಗ ಇಟ್ಕೊಳ್ಳಿ" ಎಂದು ಹೇಳಿ ಹೊರಟಳು.

ವಿಷಯ ತಿಳಿದು ಮರುದಿನ ಅವನು ಕೊಳದ ಬಳಿಗೆ ಓಡಿ ಬಂದ.

"ಆಪರೇಷನ್ ಬೇಗ ಇಟ್ಕೊಳ್ಳಿ ಅಂದ್ಯಂತೆ! ಏನಾಯ್ತು?"

"ನನ್ನ ಕಿವಿ ಒತ್ತಿ ಒತ್ತಿ ಸರಿ ಮಾಡ್ತಿದ್ದೆ. ನೋಡ್ದೆ."

"ಅಯ್ಯೋ, ಅದಾ! ಡಾಕ್ಟರ್ ಹೇಳಿದ ಕೆಲಸ ಕಣೇ. ಒಬ್ಬರದೇ ಎರಡು ಫೋಟೋ, ಮುಖ ಮಸುಕು, ಕಿವಿ ಮಾತ್ರ ಬೇರೆ. ಯಾವುದು ಚೆಂದ ಅಂತ ಜನರನ್ನ ಕೇಳ್ತಾರೆ. ಮೊದಲ ದಿನ ನೀನೂ ಒಪ್ಪಿದ್ದೆ."

ಗಾಬರಿಯಲ್ಲಿ ಯಾವುದಕ್ಕೋ ತಲೆಯಾಡಿಸಿದ್ದು ಅವಳಿಗೆ ಈಗ ನೆನಪಾಯಿತು.

"ಜನ ಏನಂತಾರೆ?"

ಅವನು ತಡವರಿಸಿದ. "ಸುಳ್ಳು ಹೇಳಲ್ಲ. ಇಲ್ಲಿವರೆಗೆ ಬೇರೆಯವರ ಫೋಟೋ ನೋಡಿ ಹೆಚ್ಚಿನವರು ಒತ್ತಿದ ಕಿವೀನೇ ಚೆಂದ ಅಂದಿದಾರೆ."

ಚುಚ್ಚಿತು. ಆದರೂ ಕೇಳಿದಳು. "ನೀನು?"

"ನಿನ್ನ ಫೋಟೋ ಮುಗಿಸೋಕೇ ಆಗ್ಲಿಲ್ಲ. ನಿನಗೆ ಸಿಟ್ಟು ಬಂದ್ರೆ ಮೊದಲು ಕಿವಿ ಕೆಂಪಾಗುತ್ತೆ. ನಗೋಕೆ ಮುಂಚೆ ಕಿವಿ ಏಳುತ್ತೆ. ಅದನ್ನ ಒತ್ತಿಬಿಟ್ರೆ... ಯಾರೋ ಬೇರೆಯವಳು."

"ಮತ್ತೆ ಮೊದಲ ದಿನ ಕಿವಿ ನೋಡಿ ಯಾಕೆ ಸುಮ್ಮನಾದೆ?"

"ನಗಬೇಡಿ ಅಂದುಬಿಟ್ಟೆನಲ್ಲ ಅಂತ ಬೇಜಾರಾಯ್ತು."

ಅವಳು ಟೋಪಿಯ ಅಂಚನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಆಪರೇಷನ್ ನಿನ್ನಿಷ್ಟ," ಅವನೇ ಮುಂದುವರಿಸಿದ. "ಜನರಿಗೋಸ್ಕರ ಮಾಡಿಸ್ಕೋಬೇಡ, ನನಗೋಸ್ಕರ ಬಿಡಲೂಬೇಡ. ಹೇಗಿದ್ರೂ ನಂಗೆ ನೀನೇ ಬೇಕು."

ಕನ್ನಡಿ, ಅಣ್ಣ, ಗುರುತಿಲ್ಲದ ಜನ... ಇಷ್ಟು ವರ್ಷ ಎಲ್ಲರ ಅಭಿಪ್ರಾಯ ಕೇಳಿದ್ದಳು, ತನ್ನದೊಂದನ್ನು ಬಿಟ್ಟು. ಟೋಪಿ ಮರೆತ ಆ ದಿನ ಎಷ್ಟು ಹಗುರವಾಗಿತ್ತು!

ಅವಳು ಟೋಪಿ ಕಿತ್ತು, ಒದ್ದೆಯಾದ ಕೂದಲನ್ನು ಹಿಂದಕ್ಕೆ ಕಟ್ಟಿದಳು.

"ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿ ಬೇಡ ಅಂತೀನಿ. ಈಗ ಒಂದು ಫೋಟೋ ತೆಗಿ."

"ಯಾವ ಕಡೆಯಿಂದ? ಎಡ, ಬಲ, ಹಿಂದೆ...?"

"ಎದುರಿಂದ. ಈ ಸಲ ನಗಬಹುದಾ?"

ಅವನು ಮೊಬೈಲ್ ಎತ್ತಿದ.

"ಕೇಳ್ತೀಯಲ್ಲ... ಕಿವಿ ಆಗ್ಲೇ ನಕ್ಕಾಯ್ತು!"