ಹೇರೋಹಳ್ಳಿ ಸರ್ಕಲ್ಲಿನ ಖಾಲಿ ಬುಧವಾರ

ಹೇಮಶ್ರೀ ತನ್ನನ್ನೇ ಹುಡುಕುತ್ತಿದ್ದಳು. ಸಿಗಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ ಹೇರೋಹಳ್ಳಿ ಸರ್ಕಲ್ಲು. ಆಫೀಸಿಗೆ ಹೋಗುವವರೆಲ್ಲ ಒಟ್ಟಿಗೇ ಬೀದಿಗಿಳಿಯುವ ಬೆಳಗಿನ ಹೊತ್ತು. ಮೂಲೆಯಲ್ಲಿ ತಾರೀಕು ಸ್ಪಷ್ಟವಾಗಿತ್ತು: ಯುಗಾದಿಗೆ ಹಿಂದಿನ ವಾರದ ಬುಧವಾರ. ಅವತ್ತು ಅದೇ ಹೊತ್ತಿಗೆ ಅವಳು ಹಳದಿ ಹೆಲ್ಮೆಟ್ ಹಾಕಿಕೊಂಡು, ಸ್ಕೂಟರಿನ ಹಿಂದೆ ತಾಯಿ ಶಾಂತವ್ವನನ್ನು ಕೂರಿಸಿಕೊಂಡು, ಅದೇ ಸರ್ಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಕಣ್ಣಿನ ಡಾಕ್ಟರು ಕಾದೂ ಕಾದೂ ಎದ್ದು ಹೋಗಿದ್ದರು. ಶಾಂತವ್ವ ಅದಕ್ಕಾಗಿ ಮಗಳನ್ನು ಬೈಯುವುದನ್ನು ಇವತ್ತಿಗೂ ನಿಲ್ಲಿಸಿಲ್ಲ.

ಆದರೆ ಈ ವಿಡಿಯೋದಲ್ಲಿ ಟ್ರಾಫಿಕ್ ಎಲ್ಲಿ? ಬಸ್ಸೊಂದು ಬರುತ್ತದೆ, ಸಲೀಸಾಗಿ ತಿರುಗಿ ಹೋಗುತ್ತದೆ. ಆಟೋದವನೊಬ್ಬ ನಡುರಸ್ತೆಯಲ್ಲೇ ನಿಲ್ಲಿಸಿ ಚಿಲ್ಲರೆ ಹುಡುಕುತ್ತಾನೆ, ಹಿಂದಿನಿಂದ ಒಬ್ಬರೂ ಹಾರ್ನ್ ಹೊಡೆಯುವುದಿಲ್ಲ. ಹೇರೋಹಳ್ಳಿಯಲ್ಲಿ! ಬುಧವಾರ ಬೆಳಗ್ಗೆ! ಯಾರ ಕಿವಿಯ ಮೇಲೆ ಹೂವಿಡುತ್ತಿದ್ದಾರೆ?

ಹೇಮಶ್ರೀ ಕೆಲಸ ಮಾಡುವುದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಖಾಸಗಿ ಕಂಪನಿಯಲ್ಲಿ. ಹೇರೋಹಳ್ಳಿಯಿಂದ ದೀಪಾಂಜಲಿ ನಗರದ ಬಳಿ ಮೈಸೂರು ರಸ್ತೆಗೆ ಕೂಡುವ ಹೊಸ ಹೆದ್ದಾರಿಯ ಯೋಜನೆಯನ್ನು ಆ ಕಂಪನಿ ತಯಾರಿಸುತ್ತಿತ್ತು. ರಸ್ತೆಗೆ ಸಾಲ ಕೊಡುವ ಬ್ಯಾಂಕಿನದು ಒಂದೇ ಮಾತು: ಯಾವ ಕಡೆ ವಾಹನ ಜಾಸ್ತಿಯೋ ಆ ಕಡೆಗೆ ದುಡ್ಡು. ಹೇರೋಹಳ್ಳಿಯಲ್ಲಿ ವಾಹನವೇ ಇಲ್ಲವೆಂದಾದರೆ ರಸ್ತೆ ಕೆಂಗೇರಿಯಾಚೆಗೆ, ಮನೆಗಳೇ ಏಳದ ಖಾಲಿ ಸೈಟುಗಳ ನಡುವೆ ಹೋಗುತ್ತದೆ. ವಾಹನ ಎಣಿಸುವ ವಿಭಾಗ ಹೇಮಶ್ರೀಯದು. ಸಹಿಯೂ ಅವಳದೇ.

ಅವಳು ನೇರವಾಗಿ ಮ್ಯಾನೇಜರ್ ನಾಗಭೂಷಣ್ ಅವರ ಕೋಣೆಗೆ ಹೋದಳು. ನಾಗಭೂಷಣ್ ಬಹಳ ಮಡಿವಂತ ಮನುಷ್ಯ. ಆಫೀಸಿನಲ್ಲಿ ಯಾರದಾದರೂ ಹುಟ್ಟುಹಬ್ಬವಾದರೆ ಕೇಕಿನ ಡಬ್ಬಿಯನ್ನು ತಿರುಗಿಸಿ, ಮೊಟ್ಟೆ ಇಲ್ಲವೆಂದು ಓದಿಯೇ ಬಾಯಿಗಿಡುವವರು. ಹಾಗಂತ ಜಿಪುಣರಲ್ಲ. ಮೊನ್ನೆ ಮಗಳ ಹೆಸರಿಗೆ ಕೆಂಗೇರಿಯಾಚೆ ಸೈಟುಗಳನ್ನು ಕೊಂಡಾಗ ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು.

"ಸಾರ್, ಹೇರೋಹಳ್ಳಿ ವಿಡಿಯೋ ಸುಳ್ಳು. ಯಾರೋ ಬದಲಾಯಿಸಿದಾರೆ."

"ಸುಳ್ಳಾ? ನಾನೇ ಕೂತು ಪೂರ್ತಿ ನೋಡಿದೀನಮ್ಮ. ಎಲ್ಲ ಸರಿಯಾಗೇ ಇದೆ."

"ಅವತ್ತು ನಾನೇ ಆ ಸರ್ಕಲ್ಲಲ್ಲಿ ಸಿಕ್ಕಾಕೊಂಡಿದ್ದೆ ಸಾರ್. ಬೇಕಾದ್ರೆ ನಮ್ಮವ್ವನ್ನ ಕೇಳಿ."

"ನಿಮ್ಮವ್ವನ್ನ ಬ್ಯಾಂಕಿನೋರ ಮುಂದೆ ಸಾಕ್ಷಿಗೆ ನಿಲ್ಲಿಸ್ತೀಯಾ?" ನಾಗಭೂಷಣ್ ಕನ್ನಡಕ ತೆಗೆದರು. "ಸರಿ, ಸುಳ್ಳು ಅಂತಾನೇ ಇಟ್ಕೊಳ್ಳೋಣ. ಮೆಮೊರಿ ಕಾರ್ಡ್ ಯಾರ ಕಪಾಟಿನಲ್ಲಿತ್ತು?"

"ನನ್ನ ಕಪಾಟಿನಲ್ಲಿ."

"ಬೀಗದ ಕೈ?"

"ನನ್ನ ಹತ್ರ."

"ಹಾಗಾದ್ರೆ ಬದಲಾಯಿಸಿದ್ದು ಯಾರು? ಹೇರೋಹಳ್ಳಿ ರಸ್ತೆ ಬಂದ್ರೆ ಕಟ್ಟಡ ಹೋಗತ್ತೆ ಅಂತ ಅಲ್ಲಿಯೋರು ಅಳ್ತಿದಾರೆ. ಅವರ ಹತ್ರ ನೀನು ಕೈ ಬೆಚ್ಚಗೆ ಮಾಡ್ಕೊಂಡೆ ಅಂತ ಜನ ಹೇಳಲ್ವಾ? ನೋಡಮ್ಮ, ವಿಡಿಯೋ ನಿಜ ಅಂದ್ರೆ ಸಹಿ ಹಾಕು. ಸುಳ್ಳು ಅಂದ್ರೆ ನೀನೇ ಕಳ್ಳಿ. ಮಧ್ಯಾಹ್ನ ಬ್ಯಾಂಕಿನೋರು ಬರ್ತಾರೆ. ಅಷ್ಟರೊಳಗೆ ಹೇಳು."

ಹೊರಗೆ ಬಂದ ಹೇಮಶ್ರೀಗೆ ದಾರಿಯೇ ಕಾಣಲಿಲ್ಲ. ಸಹಿ ಹಾಕಿದರೆ ಊರಿಗೆ ಮೋಸ, ಹಾಕದಿದ್ದರೆ ಕೆಲಸವೂ ಹೋಯಿತು, ಮಾನವೂ ಹೋಯಿತು. ಕಣ್ಣೊರೆಸಿಕೊಂಡು ಅವಳು ಫೋನ್ ಮಾಡಿದ್ದು ಕುಸುಮಕ್ಕನಿಗೆ.

ಕುಸುಮಾ ಖಾಸಗಿ ಪತ್ತೇದಾರಿಣಿ. ವಿಜಯನಗರದಲ್ಲಿ ಬಳೆ ಅಂಗಡಿಯ ಮೇಲೊಂದು ಪುಟ್ಟ ಆಫೀಸು. ಗಂಡಿಗೆ ನಿಜವಾಗಿ ಕೆಲಸವಿದೆಯೇ, ಮೊದಲೇ ಒಂದು ಮದುವೆಯಾಗಿದೆಯೇ ಎಂದು ಹೆಣ್ಣಿನ ಕಡೆಯವರಿಗೆ ವಿಚಾರಿಸಿ ಕೊಡುವುದು ಅವಳ ದಿನದ ಕಸುಬು. ಹೇಮಶ್ರೀಯ ಚಿಕ್ಕಪ್ಪನ ಮಗಳನ್ನು ಅಂಥ ಒಬ್ಬ ಭೂಪನಿಂದ ಪಾರು ಮಾಡಿದ್ದವಳೂ ಅವಳೇ. ಆಟೋದಿಂದಿಳಿದು, ಕೈಯಲ್ಲಿ ಖಾರದ ಮಿಕ್ಸ್ಚರ್ ಪೊಟ್ಟಣ ಹಿಡಿದುಕೊಂಡೇ ಹೇಮಶ್ರೀಯ ಆಫೀಸಿನೊಳಗೆ ಬಂದಳು.

"ಅಳೋದು ಆಮೇಲೆ ಕಣೇ. ಮೊದ್ಲು ವಿಡಿಯೋ ಹಾಕು."

ನೋಡಿದಳು. ಹೇಮಶ್ರೀ ಬಸ್ಸು, ಕಾರು ತೋರಿಸುತ್ತಿದ್ದರೆ ಕುಸುಮಾಳ ಕಣ್ಣು ಪರದೆಯ ಎಡಮೂಲೆಯಲ್ಲೇ ನೆಟ್ಟಿತ್ತು. ಅಲ್ಲಿ ಅಂಗಡಿಯೊಂದರ ಮುಂದೆ ಶಾಮಿಯಾನ. ಅದರ ಕೆಳಗಿನಿಂದ ಶುರುವಾದ ಜನರ ಸಾಲು ಅಡ್ಡರಸ್ತೆಯೊಳಗೆ ತಿರುಗಿ ಮಾಯವಾಗಿತ್ತು. ಪಕ್ಕದ ಅಂಗಡಿಗಳ ಬಾಗಿಲ ಮೇಲೆ ಹಸಿರು ಪಟ್ಟಿಗಳು.

"ಇದೇನೇ ಕ್ಯೂ?"

"ರೇಷನ್ ಅಂಗಡಿ ಇರ್ಬೇಕು ಕುಸುಮಕ್ಕ."

"ವಾಪಸ್ ಬರೋರ ಕೈಲಿ ಏನಿದೆ?"

"ಕವರ್. ಕಪ್ಪು ಕವರ್. ಅದಕ್ಕೂ ಇದಕ್ಕೂ ಏನ್ ಸಂಬಂಧ? ನಾವು ಗಾಡಿ ಎಣಿಸೋರು, ಜನ ಎಣಿಸಲ್ಲ."

"ಅದೇ ಕಣೇ ನಿಮ್ ಕಷ್ಟ." ಕುಸುಮಾ ಒಂದು ಹಿಡಿ ಮಿಕ್ಸ್ಚರ್ ಬಾಯಿಗೆ ಹಾಕಿಕೊಂಡಳು. ಮುಖದಲ್ಲಿ ನಗು ಇಣುಕಿತ್ತು. "ಕಪಾಟಿಗೆ ಇನ್ನೊಂದು ಕೀ ಇದ್ಯಾ?"

"ಆಫೀಸಿನ ಗೊಂಚಲಲ್ಲಿ ಇರತ್ತೆ. ಗೋಡೆ ಮೇಲೇ ನೇತಾಡತ್ತೆ, ಯಾರ್ ಬೇಕಾದ್ರೂ ತಗೋಬಹುದು."

"ಈ ವಿಡಿಯೋ ಯಾರ್ ಯಾರು ನೋಡಿದಾರೆ?"

"ನಾಗಭೂಷಣ್ ಸಾರ್, ಆಮೇಲೆ ನಾನು. ಅಷ್ಟೇ. ಎಣಿಸೋದು ಕಂಪ್ಯೂಟರು."

ಕ್ಯಾಮೆರಾ ಕಟ್ಟಿ, ಕಾರ್ಡ್ ತಂದುಕೊಟ್ಟವನು ಆಫೀಸಿನ ಹುಡುಗ ರೇವಂತ್. ಹೇರೋಹಳ್ಳಿಯವನೇ. ಕ್ಯಾಮೆರಾ ಕಟ್ಟಿದ್ದು ಅವನ ಸೋದರಮಾವ ಮಂಜುನಾಥ್ ಅವರ ಕಟ್ಟಡದ ಮೇಲೆ. ಹೊಸ ರಸ್ತೆ ಬಂದರೆ ಅರ್ಧ ಒಡೆದುಹೋಗುವ ಕಟ್ಟಡವೂ ಅದೇ. ಇದನ್ನು ಹೇಳುವಾಗ ಹೇಮಶ್ರೀಯ ದನಿ ಸಣ್ಣದಾಯಿತು. ಇವರಿಬ್ಬರಲ್ಲದೆ ಇನ್ನಾರು?

ರೇವಂತ್ ಪಾರ್ಕಿಂಗಿನಲ್ಲಿ ಸಿಕ್ಕಿದ.

"ವಿಡಿಯೋ ನೋಡಿದ್ಯಾ ನೀನು?" ಕುಸುಮಾ ಕೇಳಿದಳು.

"ಇಲ್ಲ ಮೇಡಂ. ಕಾರ್ಡ್ ತೆಗ್ದು ಕೊಡೋದಷ್ಟೇ ನಮ್ ಕೆಲಸ. ನಮಗ್ಯಾರು ತೋರಿಸ್ತಾರೆ?"

"ನಿಮ್ ಮಾವನ ಬಿಲ್ಡಿಂಗ್ ಹೋಗತ್ತಲ್ಲಪ್ಪ. ಹೊಟ್ಟೆ ಉರಿಯಲ್ವಾ?"

ರೇವಂತನ ಮುಖ ಕೆಂಪಾಯಿತು. "ನಾನು ಅಂಥೋನಲ್ಲ ಮೇಡಂ. ಮಾವನ್ನೇ ಬೇಕಾದ್ರೆ ಕೇಳಿ."

ಕೇಳಿಯೇಬಿಡೋಣವೆಂದು ಇಬ್ಬರೂ ಹೊರಟರು. ಹೇರೋಹಳ್ಳಿ ತಲುಪುವಷ್ಟರಲ್ಲಿ ಸರ್ಕಲ್ಲು ಎಂದಿನಂತೆ ಗಂಟುಬಿದ್ದಿತ್ತು. ಸ್ಕೂಟರು ಒಂದು ಚಕ್ರದಷ್ಟೂ ಮುಂದೆ ಹೋಗದೆ ನಿಂತಾಗ ಹೇಮಶ್ರೀಗೆ ಅಳುವೂ ನಗುವೂ ಒಟ್ಟಿಗೇ ಬಂತು. ಇದನ್ನೇ ತಾನೇ ಯಾರೋ ಕದ್ದಿದ್ದು!

ಮಂಜುನಾಥ್ ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಮೇಲೆ ಕೂತಿದ್ದರು. ತುಂಬು ಮೈ, ಅದಕ್ಕಿಂತ ತುಂಬು ದನಿ.

"ರಸ್ತೆ ಬೇಡ ಅಂತ ಮೊದ್ಲು ಕೂಗಾಡಿದ್ದು ನಾನೇ. ಈಗ ಬೇಕು ಅಂತಿರೋನೂ ನಾನೇ. ಗಿರಾಕಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಇಡೀ ಬಿಲ್ಡಿಂಗ್ ಇಟ್ಕೊಂಡು ನೆಕ್ಕೋದಾ? ಪರಿಹಾರ ಕೊಡಿ, ರಸ್ತೆ ಮಾಡಿ, ಇನ್ನರ್ಧದಲ್ಲಿ ವ್ಯಾಪಾರ ಮಾಡ್ತೀನಿ."

"ಟೆರೇಸ್‌ಗೆ ಯಾರ್ ಯಾರು ಹತ್ತಿದ್ರು ಸಾರ್?" ಹೇಮಶ್ರೀ ಕೇಳಿದಳು.

"ನಿಮ್ಮೋರೇ. ನಮ್ ರೇವಂತ ಬಂದ, ಕಾಫಿ ಕುಡ್ದ, ಹೋದ. ಇನ್ನೊಂದ್ ಸಲ ಬಂದೋರು ಬಾಳ ದೊಡ್ಡ ಮನುಷ್ಯರು ಬಿಡಿ. ಮನೆಗೆ ಬಂದೋರನ್ನ ಊಟಕ್ಕೆ ಏಳಿ ಅಂತ ಕರೆದ್ರೆ, ಹೌಹಾರಿ ಮೆಟ್ಟಿಲಿಳಿದು ಓಡೋದಾ? ನೀರೂ ಮುಟ್ಲಿಲ್ಲ."

ಹೇಮಶ್ರೀ ಅದನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡಳು. ಆಫೀಸಿನಿಂದ ನಾನಾ ಜನ ಜಾಗ ನೋಡಲು ಹೋಗಿ ಬರುತ್ತಿರುತ್ತಾರೆ. ಊಟ ಬೇಡವೆಂದದ್ದು ಯಾವ ಅಪರಾಧ? ಆದರೆ ಕುಸುಮಾ ಗಲ್ಲಾದ ಹತ್ತಿರ ಬಗ್ಗಿ ಮೆಲ್ಲನೆ ಏನೋ ಕೇಳಿದಳು. ಮಂಜುನಾಥ್ ಹೊಟ್ಟೆ ಕುಣಿಸಿ ನಕ್ಕರು, ಗೋಡೆಯ ಕ್ಯಾಲೆಂಡರಿನ ಕಡೆ ಬೊಟ್ಟು ಮಾಡಿದರು.

"ನಡಿಯೇ," ಎಂದಳು ಕುಸುಮಾ. "ಕಳ್ಳ ಸಿಕ್ಕಿದ."

ಆಫೀಸಿಗೆ ಮರಳಿದಾಗ ಬ್ಯಾಂಕಿನವರು ಬಂದು ಕೂತಿದ್ದರು. ಅವರ ಮುಖ್ಯಸ್ಥೆ ನೀಲಾಂಬಿಕಾ, ಮಾತು ಕಡಿಮೆ, ನೋಟ ಚುರುಕು. ನಾಗಭೂಷಣ್ ಕಾಗದವನ್ನು ಹೇಮಶ್ರೀಯ ಮುಂದೆ ತಳ್ಳಿದರು.

"ಏನಮ್ಮ, ಸಹಿ ಹಾಕ್ತೀಯಾ?"

"ಒಂದ್ನಿಮಿಷ ಸಾರ್," ಕುಸುಮಾ ಅಡ್ಡ ಬಂದಳು. "ನಾನು ಇವಳ ಅಕ್ಕ ಅಂದ್ಕೊಳ್ಳಿ. ನೀವು ವಿಡಿಯೋ ಪೂರ್ತಿ ನೋಡಿದೀರಂತೆ. ಈ ಮೂಲೇಲಿ ಕ್ಯೂ ಇದ್ಯಲ್ಲ, ಅದು ಯಾತಕ್ಕೆ?"

ನಾಗಭೂಷಣ್ ಪರದೆಯತ್ತ ನೋಡಿದರು. "ಇದೆಂಥ ಪ್ರಶ್ನೆ? ರೇಷನ್ ಅಂಗಡಿ ಇರ್ಬೇಕು."

ಹೇಮಶ್ರೀ ಬೆಚ್ಚಿದಳು. ತಾನು ಹೇಳಿದ್ದೂ ಇದೇ ಮಾತಲ್ಲವೇ?

ಕುಸುಮಾ ಬಾಗಿಲು ತೆರೆದು ರೇವಂತನನ್ನು ಕರೆದಳು. "ಬಾರಪ್ಪ ಇಲ್ಲಿ. ಇದೇನು ಕ್ಯೂ?"

ರೇವಂತ್ ಬಗ್ಗಿ ನೋಡಿದವನೇ ಪಕ್ಕೆಂದು ನಕ್ಕುಬಿಟ್ಟ. "ಅಯ್ಯೋ ಮೇಡಂ, ನಮ್ ಸರ್ಕಲ್ ಮಟನ್ ಅಂಗಡಿ! ಶಾಮಿಯಾನ ಹಾಕಿದಾರೆ ಅಂದ್ರೆ ಇನ್ನೇನು, ವರ್ಷತೊಡಕು! ಯುಗಾದಿ ಮಾರನೇ ದಿನ. ಬೆಳಗಾಗೋಕ್ ಮುಂಚೆ ಹೋಗಿ ನಿಂತಿದ್ದೆ ನಾನೂ—" ಎಂದವನು ಪರದೆಯ ಮೂಲೆಯ ತಾರೀಕು ನೋಡಿದ. ನಗು ನಿಂತುಹೋಯಿತು. "ಇದೇನು? ಹಿಂದಿನ ವಾರದ ತಾರೀಕಿದೆ?"

ನೀಲಾಂಬಿಕಾ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಬಗ್ಗಿದರು.

"ಕೇಳಿಸ್ಕೊಂಡ್ರಾ ಮೇಡಂ?" ಕುಸುಮಾ ನೀಲಾಂಬಿಕಾ ಕಡೆ ತಿರುಗಿದಳು. "ಯುಗಾದಿ ದಿನ ಒಬ್ಬಟ್ಟು, ಮಾರನೇ ದಿನ ಮಟನ್. ಹೇರೋಹಳ್ಳಿ ಕಡೆ ಹುಟ್ಟಿದೋರಿಗೆ ಇದನ್ನ ಹೇಳ್ಕೊಡಬೇಕಾಗಿಲ್ಲ. ಆ ಹಸಿರು ಪಟ್ಟಿ ನೋಡಿ, ಹಬ್ಬದ ಮಾವಿನ ತೋರಣ, ಇನ್ನೂ ಬಾಡಿಲ್ಲ. ಕಪ್ಪು ಕವರ್ ನೋಡಿ. ಅರ್ಧ ಬೆಂಗಳೂರು ಊರಿಗೆ ಹೋಗಿರತ್ತೆ, ಉಳಿದೋರು ಆ ಕ್ಯೂನಲ್ಲಿ ನಿಂತಿರ್ತಾರೆ. ಗಾಡಿ ಎಲ್ಲಿಂದ ಬರ್ಬೇಕು? ಕ್ಯಾಮೆರಾದ ಗಡಿಯಾರ ಹಿಂದಕ್ಕೆ ತಿರುಗಿಸಿದ್ರೆ ಯಾವ ತಾರೀಕು ಬೇಕಾದ್ರೂ ಬರತ್ತೆ."

"ಹಾಗಾದ್ರೆ ಈ ಹುಡುಗನ ಕೆಲಸವೇ!" ನಾಗಭೂಷಣ್ ಮೇಜು ಗುದ್ದಿದರು. "ಇವನೂ ಇವನ ಮಾವನೂ ಸೇರಿ—"

"ಅಲ್ಲ ಸಾರ್. ಕಾರ್ಡ್ ಬದಲಾಯಿಸೋನು ಒಂದ್ಸಲನಾದ್ರೂ ನೋಡಿ ತಾನೇ ಇಡ್ತಾನೆ? ರೇವಂತ್ ಆಗ್ಲಿ, ಮಂಜುನಾಥ್ ಆಗ್ಲಿ ನೋಡಿದ್ರೆ ಆ ಕ್ಯೂ ಕಣ್ಣಿಗೆ ಹೊಡೀತಿತ್ತು. 'ಅಯ್ಯೋ, ಸಿಕ್ಕಾಕೋತೀವಿ' ಅಂತ ಬೇರೆ ದಿನ ಹುಡುಕ್ತಿದ್ರು. ಈ ಕೆಲಸ ಮಾಡಿದೋರು ಎಷ್ಟು ಸಲ ನೋಡಿದ್ರೂ ಅದನ್ನ ರೇಷನ್ ಕ್ಯೂ ಅಂತಾನೇ ಅಂದ್ಕೊಳ್ಳೋರು. ಅಂಥೋರು ಇಲ್ಲಿ ಇಬ್ಬರೇ. ಒಬ್ಬಳು ಹೇಮಶ್ರೀ, ಇವಳೂ ಮಟನ್ ಅಂಗಡಿ ಕಡೆ ತಲೆ ಹಾಕೋಳಲ್ಲ. ಕಳ್ಳತನ ಆಗಿದೆ ಅಂತ ಕೂಗಿದ್ದೇ ಅವಳು. ಸುಮ್ನೆ ಸಹಿ ಹಾಕಿದ್ರೆ ಯಾರೂ ಕೇಳ್ತಿರ್ಲಿಲ್ಲ, ತನ್ನ ಗುಂಡಿ ತಾನೇ ಯಾಕೆ ತೋಡ್ಕೋತಾಳೆ? ಇನ್ನೊಬ್ಬರು ಪೂರ್ತಿ ನೋಡಿ, ಎಲ್ಲ ಸರಿ ಇದೆ ಅಂದೋರು."

ನಾಗಭೂಷಣ್ ಮೇಜಿನ ಮೇಲಿದ್ದ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ವರ್ಷತೊಡಕಿನ ದಿನ ಮಂಜುನಾಥ್ ಮನೆ ಟೆರೇಸ್‌ಗೆ ಕ್ಯಾಮೆರಾ ಹಿಡ್ಕೊಂಡು ಯಾರ್ ಬಂದಿದ್ರು ಸಾರ್? ಊಟಕ್ಕೆ ಕರೆದಾಗ, ಮಸಾಲೆ ವಾಸನೆಗೆ ಮೂಗು ಮುಚ್ಕೊಂಡು ಓಡಿದ್ದು ಯಾರು? ಅವರು ಇನ್ನೂ ಬೇಜಾರಲ್ಲಿದಾರೆ. ಫೋನ್ ಮಾಡಿ ಕೊಡ್ಲಾ?"

ಹೇಮಶ್ರೀಯ ನಾಲಿಗೆಗೆ ತಟ್ಟನೆ ಮೈಸೂರುಪಾಕಿನ ರುಚಿ ಬಂತು. ಕೆಂಗೇರಿಯಾಚೆಯ ಸೈಟುಗಳು! ರಸ್ತೆ ಆ ಕಡೆ ತಿರುಗಿದರೆ ಬಂಗಾರವಾಗುವ ಸೈಟುಗಳು! ತಾನೇ ಎರಡೆರಡು ತುಂಡು ಕೇಳಿ ತಿಂದಿದ್ದಳಲ್ಲ!

"ಫೋನ್ ಬೇಡ," ಎಂದರು ನಾಗಭೂಷಣ್. ಕನ್ನಡಕದ ಪೆಟ್ಟಿಗೆ ತೆರೆದು, ಒಳಗಿನ ಬಟ್ಟೆಯ ಮಡಿಕೆಯಿಂದ ಉಗುರಿನಷ್ಟು ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಎಸೆಯೋಕೆ ಹೋದೆ. ಕೈ ಬರ್ಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದೀನಿ ನೋಡಿ."

"ನೀವು ಹೊರಗೆ ಕೂತಿರಿ," ಎಂದರು ನೀಲಾಂಬಿಕಾ. "ನಿಮ್ಮ ಕಂಪನಿಯ ಮೇಲಿನವರಿಗೆ ನಾನೇ ಹೇಳ್ತೀನಿ. ಹೇಮಶ್ರೀ, ಇದನ್ನ ಹಾಕಿ."

ಹಾಕಿದಳು. ಆಹಾ, ಏನು ಟ್ರಾಫಿಕ್ಕು! ಬಸ್ಸಿನ ಬಾಲಕ್ಕೆ ಬಸ್ಸು, ಸಂದಿಯಲ್ಲಿ ಆಟೋ, ಆಟೋದ ಸಂದಿಯಲ್ಲಿ ಸ್ಕೂಟರು, ಫುಟ್‌ಪಾತಿನ ಮೇಲೆ ಬೈಕು. ಯಾವುದೂ ಅಲ್ಲಾಡುವುದಿಲ್ಲ. ಲೋಕದಲ್ಲಿ ಟ್ರಾಫಿಕ್ ಜಾಮನ್ನು ನೋಡಿ ಯಾರಿಗಾದರೂ ಇಷ್ಟು ಸಂತೋಷವಾಗಿದ್ದರೆ ಅದು ಹೇಮಶ್ರೀಗೇ ಇರಬೇಕು. ಎದೆಯ ಮೇಲಿದ್ದ ಚಪ್ಪಡಿಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು.

"ಅಗೋ!" ರೇವಂತ್ ಕೂಗಿದ. "ಹಳದಿ ಹೆಲ್ಮೆಟ್!"

ಹೌದು, ಅವಳೇ. ಅವಳ ಹಿಂದೆ ಸ್ಕೂಟರಿನ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮಡಿಸಿದ ಹಸಿರು ಛತ್ರಿಯನ್ನು ಬಸ್ ಡ್ರೈವರನ ಕಡೆ ಝಳಪಿಸುತ್ತ, ಬಾಯಿ ತೆರೆದು ಇಡೀ ಸರ್ಕಲ್ಲಿಗೇ ಬೈಯುತ್ತಿರುವ ಶಾಂತವ್ವ. ನೀಲಾಂಬಿಕಾ ಮೊದಲ ಸಲ ನಕ್ಕರು.

"ಸಾಕ್ಷಿ ಅಂದ್ರೆ ಹೀಗಿರ್ಬೇಕು. ಸಾಲದ ವಿಷಯ ನಾಳೆ ಹೇರೋಹಳ್ಳಿ ರಸ್ತೆ ಇಟ್ಕೊಂಡೇ ಮಾತಾಡೋಣ."

ಕುಸುಮಾ ಉಳಿದ ಮಿಕ್ಸ್ಚರನ್ನು ರೇವಂತನ ಅಂಗೈಗೆ ಸುರಿದಳು. "ಮುಂದಿನ ವರ್ಷ ವರ್ಷತೊಡಕಿಗೆ ನಮ್ಮನೆಗೂ ಒಂದು ಕ್ಯೂ ನಿಂತ್ಬಿಡಪ್ಪ."

ಹೇಮಶ್ರೀ ಕಾರಿಡಾರಿಗೆ ಓಡಿ ಮನೆಗೆ ಫೋನ್ ಮಾಡಿದಳು.

"ಅವ್ವಾ, ನೀನು ಸಿಕ್ಕಿದೆ ಅವ್ವಾ!"

"ಅಯ್ಯ, ನಾ ಯಾವಾಗ ಕಳೆದು ಹೋಗಿದ್ನೇ?" ಎಂದಳು ಶಾಂತವ್ವ. "ಅದಿರ್ಲಿ, ಕಣ್ಣಿನ ಡಾಕ್ಟರ ಹತ್ರ ಯಾವಾಗ ಕರ್ಕೊಂಡ್ ಹೋಗ್ತಿ, ಅದನ್ನ ಹೇಳು."