ಒಂಬತ್ತನೇ ರಿಂಗು

"ನಮಗೆ ಫೋನ್ ಮಾಡಿ ಹೇಳಬೇಕಾಗಿದ್ದು ಯಾರು?"

ಕಾರು ಸರ್ವಿಸ್ ಸೆಂಟರಿನ ಕೌಂಟರಿನ ಮೇಲೆ ಟಪ್ಪನೆ ಏನೋ ಬಿತ್ತು. ಅವಳು ರಿಸೀವರ್ ಕೆಳಗಿಟ್ಟು ತಲೆ ಎತ್ತಿದಳು.

ಒಂದು ಕಾರಿನ ಕೀಲಿ. ಅದರ ಕರಿ ಹಿಡಿ ಅರ್ಧ ಕರಗಿ, ಒಂದು ಪಕ್ಕಕ್ಕೆ ಜಾರಿ ಗಟ್ಟಿಯಾಗಿತ್ತು. ಕೀಲಿ ಇಟ್ಟವನ ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಅಲ್ಲಿ ಸುಟ್ಟು ಕೆಂಪಾದ ಚರ್ಮ ಹೊಳೆಯುತ್ತಿತ್ತು.

ಕೂಗಾಡಿದ್ದರೆ ಅವಳಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಅವನು ಮೆಲ್ಲಗೆ ಕೇಳುತ್ತಿದ್ದ.

"ನಿನ್ನೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಪೆಟ್ರೋಲ್ ವಾಸನೆ ಬಂತು. ಇಳಿದು ನೋಡೋಣ ಅನ್ನೋಷ್ಟರಲ್ಲಿ ಬಾನೆಟ್ಟಿಂದ ಬೆಂಕಿ! ಹಿಂದಿನ ಸೀಟಲ್ಲಿ ಅಮ್ಮ ಇದ್ರು. ಅವರಿಗೆ ಮಂಡಿ ಬಗ್ಗಲ್ಲ. ಎಳ್ಕೊಂಡು ಬರೋದು ಇನ್ನೊಂದು ನಿಮಿಷ ತಡ ಆಗಿದ್ರೆ..."

ಅವನು ಕೀಲಿಯನ್ನು ಅವಳ ಕಡೆ ತಳ್ಳಿದ.

"ಈ ಗಾಡಿಗಳನ್ನೆಲ್ಲ ವಾಪಸ್ ಕರೀತಿದಾರಲ್ಲ, ನಿಮಗೆ ಗೊತ್ತಿಲ್ವಾ ಅಂತ ಮೆಕ್ಯಾನಿಕ್ ಕೇಳ್ದ. ನಂಗೆ ಯಾರೂ ಹೇಳಿಲ್ಲ."

ಅವಳಿಗೆ ಗೊತ್ತಿತ್ತು. ತಿಂಗಳ ಹಿಂದೆ ಈ ಸರ್ವಿಸ್ ಸೆಂಟರಿಗೆ ಕಾರ್ಖಾನೆಯಿಂದ ಪತ್ರ ಬಂದಿತ್ತು. ಆ ಸಾಲಿನ ಕಾರುಗಳಲ್ಲಿ ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಇದೆಯಲ್ಲ, ಹೆಬ್ಬೆರಳುದ್ದದ ನಳಿಗೆ, ಅದು ಬಿರುಕು ಬಿಟ್ಟು ಸೋರುತ್ತದಂತೆ. ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕಿದರೆ ಬೆಂಕಿ. ಮಾಲೀಕರಿಗೆಲ್ಲ ಫೋನ್ ಮಾಡಿ, ಗಾಡಿ ತರಿಸಿಕೊಂಡು, ಹೊಸದು ಹಾಕಿ ಕಳಿಸಬೇಕು. ಫೋನ್ ಮಾಡುವ ಕೆಲಸ ಅವಳದು.

ಗಾಜಿನ ಕೋಣೆಯಿಂದ ಮ್ಯಾನೇಜರ್ ಪಟ್ಟಿ ಹಿಡಿದುಕೊಂಡೇ ಬಂದರು.

"ನೋಡಿ ಸಾರ್. ಗಾಡಿ ನಿಮ್ಮ ತಾಯಿಯವರ ಹೆಸರಲ್ಲಿದೆ, ಮನೆ ನಂಬರ್ ಕೊಟ್ಟಿದೀರಿ. ಹದಿನೆಂಟನೇ ತಾರೀಖು, ಸಂಜೆ ನಾಲ್ಕೂ ನಲವತ್ತು. ತಿಳಿಸಲಾಗಿದೆ ಅಂತ ಗುರುತಿದೆ. ನಾವು ಹೇಳಿದ್ವಿ, ನೀವು ತರಲಿಲ್ಲ."

ಅವನ ಬಿಗಿದ ಭುಜ ಇಳಿದುಹೋಯಿತು.

"ಆ ಹೊತ್ತಲ್ಲಿ ಮನೇಲಿ ಅಮ್ಮ ಒಬ್ರೇ ಇರೋದು..." ಎಂದು ಅವಳ ಕಡೆ ತಿರುಗಿದ. "ನೀವೇನಾ ಮಾತಾಡಿದ್ದು? ಅಮ್ಮ ಏನಂದ್ರು?"

'ಹೇಳು. ಈಗಲೇ ಹೇಳಿಬಿಡು!'

ಮ್ಯಾನೇಜರ್ ಅವಳನ್ನೇ ನೋಡುತ್ತಿದ್ದರು.

"ಸರಿ ಅಂದ್ರು," ಎಂದಳು ಅವಳು. "ಮಗನಿಗೆ ಹೇಳ್ತೀನಿ ಅಂದ್ರು."

ಅವನು ಕೀಲಿಯನ್ನು ಎತ್ತಿಕೊಂಡ. "ನಿಮ್ಮದೇನೂ ತಪ್ಪಿಲ್ಲ. ಬೇಜಾರು ಮಾಡ್ಕೋಬೇಡಿ, ಕ್ಷಮಿಸಿ."

ಕ್ಷಮಿಸಿ! ಅವನು ಅವಳನ್ನು ಕ್ಷಮೆ ಕೇಳಿದ್ದ! ಅವಳ ಕಿವಿಯಿಂದ ಕತ್ತಿನವರೆಗೆ ಕಾದ ನೀರು ಇಳಿದಂತಾಯಿತು.

ನಿಜವೇನೆಂದರೆ, ಆ ದಿನ ಅವಳು ಆ ಮನೆಯ ಯಾರ ಜೊತೆಯೂ ಮಾತಾಡಿರಲಿಲ್ಲ.

ಪಟ್ಟಿಯಲ್ಲಿ ಗುರುತು ಹಾಕಲು ಎರಡೇ ಚೌಕಗಳಿದ್ದವು: 'ತಿಳಿಸಲಾಗಿದೆ', 'ನಂಬರ್ ತಪ್ಪು'. ಫೋನ್ ರಿಂಗಾಗಿ ಯಾರೂ ಎತ್ತದಿದ್ದರೆ ಎಲ್ಲಿ ಬರೆಯಬೇಕು? ಅದಕ್ಕೆ ಜಾಗವೇ ಇರಲಿಲ್ಲ. ಖಾಲಿ ಬಿಟ್ಟರೆ ಮ್ಯಾನೇಜರ್ ಒಪ್ಪುತ್ತಿರಲಿಲ್ಲ. ಹಾಗಾಗಿ ಆ ಮೇಜಿನಲ್ಲಿ ಕೂತವರೆಲ್ಲ ಒಂದು ರೂಢಿ ಮಾಡಿಕೊಂಡಿದ್ದರು. ಪೆನ್ನಿನಲ್ಲಿ 'ತಿಳಿಸಲಾಗಿದೆ' ಎಂದು ಗುರುತು ಹಾಕುವುದು, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಚುಕ್ಕೆ ಇಡುವುದು. ಚುಕ್ಕೆ ಎಂದರೆ, ನಾಳೆ ಮತ್ತೆ ಮಾಡಬೇಕು.

ಅವಳು ಅವತ್ತು ಹದಿನಾಲ್ಕು ಚುಕ್ಕೆ ಇಟ್ಟಿದ್ದಳು. ಮರುದಿನ ಹೊಸ ಪಟ್ಟಿ ಬಂತು. ಹಳೆಯದು ಫೈಲಿಗೆ ಹೋಯಿತು. ಚುಕ್ಕೆಗಳೂ ಅದರ ಜೊತೆ ಹೋದವು...

ಅವನು ಬಾಗಿಲು ದಾಟಿದ್ದೇ ತಡ, ಅವಳು ಫೈಲು ಎಳೆದುಕೊಂಡು ಉಳಿದ ಹದಿಮೂರು ನಂಬರಿಗೆ ಫೋನ್ ಹಚ್ಚಿದಳು. ಅವಸರದಲ್ಲಿ ಎರಡು ಸಲ ತಪ್ಪು ನಂಬರಿಗೆ ಹೋಯಿತು. ಹನ್ನೆರಡು ಮಂದಿ ಸಿಕ್ಕಿದರು. ಸಿಗದ ಒಬ್ಬರ ಮನೆಗೆ ಊಟದ ಬಿಡುವಿನಲ್ಲಿ ಬಸ್ಸು ಹಿಡಿದು ಹೋದಳು. ಅವರು ಗಾಡಿ ಹೊರಗೆ ತೆಗೆಯುತ್ತಿದ್ದರು. "ದಯವಿಟ್ಟು ಆಫ್ ಮಾಡಿ!" ಎಂದು ಬೀದಿಯಲ್ಲೇ ಕೂಗಿದಳು.

ಹದಿಮೂರು ಚುಕ್ಕೆ ಅಳಿಸಿದಳು. ಹದಿನಾಲ್ಕನೆಯದು ಹಾಗೇ ಉಳಿಯಿತು.

* * *

ಸುಟ್ಟ ಕಾರನ್ನು ಎಳೆತಂದು ಸೆಂಟರಿನ ಹಿತ್ತಲಲ್ಲಿ ನಿಲ್ಲಿಸಿದ್ದರು. ಕಾರ್ಖಾನೆಯವರು ಬಂದು ನೋಡುವವರೆಗೂ ಅವನು ಒಂದಲ್ಲ ಒಂದು ಕಾಗದಕ್ಕೆ ಸಹಿ ಹಾಕಲು ಬರಬೇಕಾಗುತ್ತಿತ್ತು.

ಅವನು ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಒಮ್ಮೆ ಕಾದು ಕೂತಿದ್ದಾಗ ಸೀಟು ಹೊಲಿಯುವ ಚಿಕ್ಕಮ್ಮನ ಯಂತ್ರ ಕಿರ್ರೆಂದು ನಿಂತಿತು. ಸೆಂಟರಿನಲ್ಲಿ ಎಲ್ಲರಿಗೂ ಅವರು ಚಿಕ್ಕಮ್ಮನೇ. ಅವನು ಎದ್ದುಹೋಗಿ ಚಕ್ರದ ಮೇಲೆ ಕೈಯಿಟ್ಟು, ಕಿವಿ ಹತ್ತಿರ ತಂದು, ಎರಡು ಸುತ್ತು ತಿರುಗಿಸಿದ. ಒಂದು ನೂಲಿನ ಎಳೆ ಹೊರಗೆಳೆದ. ಯಂತ್ರ ಗುಂಯ್ ಎಂದು ಓಡಿತು.

"ಅಯ್ಯೋ ಅರ್ಧಹುಬ್ಬು! ನಿನ್ನ ಕೈಗೆ ಏನು ಕೊಡ್ಲಪ್ಪ?"

"ಒಂದು ಟೀ ಕೊಡಿಸಿ ಚಿಕ್ಕಮ್ಮ. ಅವರಿಗೂ ಒಂದು," ಎಂದು ಅವನು ಫೋನಿನ ಮೇಜಿನ ಕಡೆ ತೋರಿಸಿದ.

"ಓಹೋ! ಟೀ ನಂದು, ಹೆಸರು ನಿಂದಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕದ್ದಕ್ಕೆ ಆ ದಿನವೆಲ್ಲ ತನ್ನನ್ನೇ ಬೈದುಕೊಂಡಳು.

ಆಮೇಲೆ ಅವನು ಸಹಿ ಇಲ್ಲದ ದಿನವೂ ಬರತೊಡಗಿದ. ಹಳೆಯ ಯಂತ್ರಗಳ ಕಥೆ ಹೇಳುತ್ತಿದ್ದ. ಅವಳಿಗೆ ಅವನ ಹೆಜ್ಜೆಯ ಸಪ್ಪಳ ಗೊತ್ತಾಗತೊಡಗಿತು. ಎದೆ ಅರಳುತ್ತಿತ್ತು, ಮರುಕ್ಷಣ ಮುದುಡುತ್ತಿತ್ತು.

"ನಿಮ್ಮನ್ನ ನೋಡಿದ್ರೆ ಸಮಾಧಾನ ಆಗತ್ತೆ," ಎಂದ ಒಂದು ದಿನ. "ನೀವಾದ್ರೂ ನಿಮ್ಮ ಕೆಲಸ ಸರಿಯಾಗಿ ಮಾಡಿದ್ರಿ."

ಅವಳು ಬಿಸಿ ಟೀಯನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡಳು.

'ಇವನಿಗೆ ನನ್ನ ಮೇಲೆ ಹುಟ್ಟಿರೋ ಪ್ರೀತಿಗೆ ಬುಡವೇ ಆ ಸುಳ್ಳು. ಅದನ್ನ ಕಿತ್ತರೆ ಏನು ಉಳಿಯುತ್ತೆ?'

"ಈ ಭಾನುವಾರ ಮನೆಗೆ ಬರ್ತೀರಾ?" ಅವನು ಬಟ್ಟಲು ತಿರುಗಿಸುತ್ತ ಕೇಳಿದ. "ಅಮ್ಮ ನಿಮ್ಮನ್ನ ನೋಡ್ಬೇಕಂತೆ. ಕ್ಷಮೆ ಕೇಳ್ಬೇಕಂತೆ."

"ಕ್ಷಮೆ? ನನ್ನ?"

"ನೀವು ಹೇಳಿದ್ದನ್ನ ಮರೆತುಬಿಟ್ರಲ್ಲ... ಅದಕ್ಕೆ."

* * *

ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ಅವಳ ಕಣ್ಣಿಗೆ ಬಿದ್ದದ್ದು ಚೀಟಿಗಳು.

ಬಾಗಿಲ ಚಿಲಕದ ಮೇಲೆ 'ಬೀಗ ಹಾಕಿದೆಯಾ?' ನಲ್ಲಿಯ ಮೇಲೆ 'ನಿಲ್ಲಿಸು'. ಗೋಡೆ ಪಕ್ಕದ ಮೇಜಿನಲ್ಲಿದ್ದ ಹಳೆಯ ಫೋನಿನ ಮೇಲೆ 'ಯಾರು? ಏನಂದರು? ಕೂಡಲೇ ಬರೆ'. ದುಂಡನೆಯ, ನೆಟ್ಟನೆಯ ಅಕ್ಷರ. ಬರೆದವರು ಮಾತ್ರ ಕುರ್ಚಿಯಲ್ಲಿ ಮುದುಡಿ ಕೂತಿದ್ದರು.

"ಬಾಮ್ಮ, ಫೋನ್ ಹುಡುಗಿ," ಎಂದರು ಅವನ ತಾಯಿ. "ಟೀ ಅವನೇ ಮಾಡ್ತಾನೆ. ನಂಗೆ ಈಗ ಒಲೆ ಹತ್ರ ಬಿಡಲ್ಲ. ಲೈಟರ್ ಎತ್ತಿಟ್ಟಿದಾನೆ. ತಪ್ಪಲ್ಲ ಬಿಡು, ನನ್ನಿಂದಾನೇ ಅಲ್ವಾ ಅವನ ಹುಬ್ಬು ಹೋಗಿದ್ದು."

ಅವಳು ಕುರ್ಚಿಯ ತುದಿಯಲ್ಲಿ ಕೂತಳು.

"ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತಿದ್ದೋಳು ನಾನು. ಅರ್ಧ ಊರಿನ ನಂಬರು ಬಾಯಲ್ಲಿತ್ತು. ಉಸಿರು ಕೇಳಿದ್ರೆ ಸಾಕು, ಯಾರು ಅಂತ ಹೇಳ್ತಿದ್ದೆ. ನಿನ್ನ ದನಿ ಮಾತ್ರ... ಇವತ್ತೇ ಮೊದಲು ಕೇಳಿದ ಹಾಗಿದೆ. ನೋಡು, ಎಷ್ಟು ಹಾಳಾಗಿದೆ ತಲೆ!"

ಮುದುಕಿ ನಗಲು ನೋಡಿದರು. ಆಗಲಿಲ್ಲ.

"ನೀನು ಅಷ್ಟು ಮುತುವರ್ಜಿಯಿಂದ ಫೋನ್ ಮಾಡಿದ್ದೆ. ನಾನು... ತಪ್ಪಾಯ್ತು ಕಣಮ್ಮ."

ಆಗ ಫೋನ್ ರಿಂಗಾಯಿತು.

ಅವರು ಬೆಚ್ಚಿಬಿದ್ದು ಅದನ್ನೇ ನೋಡಿದರು, ಕೈ ಮಾತ್ರ ಮಡಿಲಲ್ಲೇ ಉಳಿಯಿತು.

"ಎತ್ತಲ್ವಾ ಅಮ್ಮ?"

"ಬೇಡ. ಎತ್ತಿ, ಕೇಳಿ, ಮತ್ತೆ ಮರೆತು... ಬೇಡ. ಮೊದಲಾದ್ರೆ ಒಂಬತ್ತನೇ ರಿಂಗಿಗೆ ಎತ್ತಿಬಿಡ್ತಿದ್ದೆ. ಈ ಮಂಡಿ ಹಿಡ್ಕೊಂಡು ಕುರ್ಚಿಯಿಂದ ಏಳೋಕೆ ನಾಲ್ಕು ರಿಂಗು, ಗೋಡೆ ಹಿಡ್ಕೊಂಡು ಅಲ್ಲಿಗೆ ಹೋಗೋಕೆ ಐದು."

ಒಂಬತ್ತು.

ಅವಳು ಕಾದದ್ದು ಐದು. ಮ್ಯಾನೇಜರ್ ಗಡಿಯಾರ ನೋಡುತ್ತಿದ್ದರು, ಐದನೇ ರಿಂಗಿಗೆ ಇಟ್ಟುಬಿಟ್ಟಿದ್ದಳು. ಅದೇ ಗಳಿಗೆಯಲ್ಲಿ ಈ ಕುರ್ಚಿಯಿಂದ ಒಬ್ಬ ಮುದುಕಿ ನೋವು ನುಂಗಿ ಎದ್ದು, ಗೋಡೆಗೆ ಕೈ ಚಾಚಿದ್ದರು...

ಫೋನ್ ತಾನೇ ನಿಂತುಹೋಯಿತು. ಅವಳು ಕುರ್ಚಿಯಿಂದ ಎದ್ದಳು.

"ಅಮ್ಮ, ನೀವು ಏನೂ ಮರೆತಿಲ್ಲ."

"ಏನಂದೆ?"

"ನಾನು ನಿಮ್ಮ ಹತ್ರ ಮಾತಾಡೇ ಇಲ್ಲ. ಐದು ರಿಂಗ್ ಆಯ್ತು, ಇಟ್ಟೆ. ತಿಳಿಸಿದೆ ಅಂತ ಗುರುತು ಹಾಕಿದೆ. ನಿಮ್ಮ ಮಗ ಬಂದು ಕೇಳಿದಾಗ... ಸರಿ ಅಂದ್ರು ಅಂತ ಸುಳ್ಳು ಹೇಳ್ದೆ. ನೀವು ಅಂದೇ ಇರ್ಲಿಲ್ಲ. ನನಗೆ ದನಿ ಇತ್ತು, ಧೈರ್ಯ ಇರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಟೀ ತಟ್ಟೆ ಹಿಡಿದು ಅವನು ನಿಂತಿದ್ದ.

"ಐದು?" ಮುದುಕಿಯ ಕಣ್ಣು ದೊಡ್ಡದಾಯಿತು. "ಐದೇ? ಹೌದು! ಒಂದಿನ ಎದ್ದು ನಿಂತೆ, ರಿಂಗು ನಿಂತೇಹೋಯ್ತು! ಯಾರೋ ಅವಸರದವಳು, ಹಾಳಾಗಿ ಹೋಗ್ಲಿ ಅಂತ ಬೈಕೊಂಡು ಕೂತೆ! ನಂಗೆ ನೆನಪಿದೆ ಕಣೋ! ನೆನಪಿದೆ!"

ಅವರು ನಗುತ್ತಿದ್ದರು, ಅಳುತ್ತಿದ್ದರು. ಪಕ್ಕದ ಕಿಟಕಿಯ ಚೀಟಿಯನ್ನು ಚರ್ರನೆ ಕಿತ್ತರು.

ಮಗ ನಗಲಿಲ್ಲ.

"ಒಂದೂವರೆ ತಿಂಗಳು," ಎಂದ. "ಅಮ್ಮ ದಿನಾ ಹೇಳ್ತಿದ್ರು, ಯಾರೂ ಫೋನ್ ಮಾಡಿಲ್ಲ ಕಣೋ ಅಂತ. ಕೊನೆಗೆ ಹೇಳೋದನ್ನೂ ಬಿಟ್ರು. ನಾನು ಅವರ ಕೈಯಿಂದ ಲೈಟರ್ ಕಿತ್ಕೊಂಡೆ. ನಿಮ್ಮ ಮಾತು ನಂಬ್ಕೊಂಡು!"

"ನಾನು..."

"ದಯವಿಟ್ಟು ಹೋಗಿ."

ಅವಳು ಚಪ್ಪಲಿ ಮೆಟ್ಟುವಾಗ ಕಣ್ಣು ಮಂಜಾಗಿ ಎಡದ್ದು ಬಲಕ್ಕೆ ಹಾಕಿಕೊಂಡಳು. ಬೀದಿ ತುದಿಯವರೆಗೂ ಹಾಗೇ ನಡೆದಳು.

* * *

ಸೋಮವಾರ ಅವಳು ಪಟ್ಟಿಯನ್ನು ಮ್ಯಾನೇಜರ್ ಮುಂದೆ ಇಟ್ಟಳು. ಚುಕ್ಕೆ ತೋರಿಸಿದಳು.

"ಎಲ್ಲರೂ ಹಾಗೇ ಮಾಡ್ತಾರಮ್ಮ. ಬಾಯಿ ಮುಚ್ಕೊಂಡು ಕೂತ್ಕೋ," ಎಂದರು ಅವರು ಮೆಲ್ಲಗೆ.

"ಕೂತಿದ್ದೆ ಸಾರ್. ಅದಕ್ಕೇ ಹೀಗಾಯ್ತು."

ಕಾರ್ಖಾನೆಯವರಿಗೆ ಹೋಗುವ ವರದಿಯಲ್ಲಿ ನಡೆದದ್ದನ್ನೆಲ್ಲ ತನ್ನ ಕೈಯಾರೆ ಬರೆದು ಸಹಿ ಹಾಕಿದಳು. ಅವಳನ್ನು ಫೋನಿನಿಂದ ತೆಗೆದು ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಕೆಲವರು ಮಾತು ಬಿಟ್ಟರು. ಪಟ್ಟಿಯಲ್ಲಿ ಮಾತ್ರ ಮೂರನೆಯ ಚೌಕವೊಂದು ಬಂತು: 'ಎತ್ತಲಿಲ್ಲ'.

ಹೊಸ ಇಂಜೆಕ್ಟರುಗಳ ಡಬ್ಬಿ ಜೋಡಿಸುವುದೇ ಈಗ ಅವಳ ಕೆಲಸ. ಪ್ರತಿ ಡಬ್ಬಿ ಕೈಗೆತ್ತಿಕೊಂಡಾಗಲೂ ಆ ಕೆಂಪು ಚರ್ಮ ಕಣ್ಣ ಮುಂದೆ ಬರುತ್ತಿತ್ತು. ಅವನ ಕ್ಷಮೆ ಕೇಳಲು ಹತ್ತು ಸಲ ಫೋನಿನವರೆಗೆ ಹೋಗಿ ಬಂದಳು. 'ಯಾವ ಮುಖ ಇಟ್ಕೊಂಡು?'

ಎರಡು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಚಿಕ್ಕಮ್ಮ ಉಗ್ರಾಣದ ಕಿಟಕಿಗೆ ಬಂದು ಮೊಣಕೈ ಊರಿದರು.

"ಅರ್ಧಹುಬ್ಬು ಬಂದಿದ್ದ ಕಣೇ. ಹುಬ್ಬು ಪೂರ್ತಿ ಬೆಳೆದುಬಿಟ್ಟಿದೆ! ಇನ್ಮೇಲೆ ಏನಂತ ಕರೀಲಿ ಅವನ್ನ?"

ಅವಳ ಕೈಯ ಡಬ್ಬಿ ಕೆಳಗೆ ಬಿತ್ತು.

"ಹೋದ್ರಾ?"

"ಹೋದ. ನಿನ್ನ ಕಿಟಕಿ ಮುಂದೆ ಮೂರು ಸಲ ಓಡಾಡಿದ, ಧೈರ್ಯ ಸಾಲಲಿಲ್ಲ ಪಾಪ. ನೀನು ಉಳಿದ ಹದಿಮೂರು ಮನೆಗೆ ಫೋನ್ ಹಚ್ಚಿದ ಕಥೆ ಎಲ್ಲಾ ನಾನೇ ಹೇಳ್ದೆ. ಬಸ್ಸಲ್ಲಿ ಹೋಗಿ ಬೀದೀಲಿ ಕೂಗಿದ್ದೂ ಹೇಳ್ದೆ. ತಗೋ, ಇದನ್ನ ಕೊಟ್ಟು ಹೋಗಿದಾನೆ."

ಒಂದು ಚೀಟಿ. ದುಂಡನೆಯ, ನೆಟ್ಟನೆಯ ಅಕ್ಷರ.

'ಸಂಜೆ ನಾಲ್ಕೂ ನಲವತ್ತಕ್ಕೆ ಫೋನ್ ಮಾಡು. ಮಧ್ಯದಲ್ಲಿ ಇಡಬೇಡ.'

ನಾಲ್ಕೂ ನಲವತ್ತಕ್ಕೆ ಅವಳು ತನ್ನ ಹಳೆಯ ಮೇಜಿನ ಮುಂದೆ ನಿಂತು ನಂಬರ್ ಒತ್ತಿದಳು. ಅದು ಅವಳಿಗೆ ಬಾಯಿಪಾಠ ಆಗಿತ್ತು.

ಒಂದು. ಎರಡು. ಮೂರು. ನಾಲ್ಕು... ಈಗ ಎದ್ದಿರುತ್ತಾರೆ.

ಐದು. ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು.

ಆರು. ಗೋಡೆ ಹಿಡಿದಿರುತ್ತಾರೆ. ಏಳು... ಎಂಟು...

ಒಂಬತ್ತು.

"ಹಲೋ," ಎಂದಿತು ಒಂದು ಗತ್ತಿನ ದನಿ. "ಮಾತಾಡೋದೇ ಬೇಡ. ಉಸಿರು ಕೇಳಿದ್ರೇ ಗೊತ್ತಾಯ್ತು, ಅವಸರದವಳು!"

"ಅಮ್ಮ..." ಅವಳು ಬಿಕ್ಕಿದಳು.

"ಅಳೋದು ಆಮೇಲೆ. ಇವನು ಪಕ್ಕದಲ್ಲೇ ನಿಂತಿದಾನೆ, ನಾನು ಎತ್ತೋವರೆಗೂ ಮುಟ್ಟಬೇಡ ಅಂದಿದ್ದೆ. ಎರಡು ತಿಂಗಳಿಂದ ಇವನ ಕೈಲಿ ಒಂದು ಮಷೀನೂ ನೆಟ್ಟಗೆ ರಿಪೇರಿಯಾಗಿಲ್ಲ. ಕೊಡ್ತೀನಿ. ನಂಗೆ ಒಲೆ ಮೇಲೆ ಟೀ ಇದೆ."

ಆ ಕಡೆ ಕೈ ಬದಲಾಯಿತು.

"ನಿಮ್ಮ ಮೇಲೆ ಕೋಪ ಅಂದ್ಕೊಂಡಿದ್ದೆ," ಎಂದ ಅವನು. "ಅಲ್ಲ. ನಾಚಿಕೆ. ನೀವು ಒಂದು ಸಲ ಸುಳ್ಳು ಹೇಳಿದ್ರಿ. ನಾನು ಹೆತ್ತವಳನ್ನ ಒಂದೂವರೆ ತಿಂಗಳು ನಂಬಲಿಲ್ಲ. ನೀವು ನಮ್ಮನೇಲೇ ಕೂತು ನಿಜ ಹೇಳಿದ್ರಿ. ನಂಗೆ ಅಮ್ಮನ ಹತ್ರ ತಪ್ಪಾಯ್ತು ಅನ್ನೋಕೆ ಇಷ್ಟು ದಿನ ಬೇಕಾಯ್ತು."

"ನಾನು ಹೇಳಿದ್ರಿಂದ ತಾನೇ ನೀವು..."

"ಅದೂ ಹೌದು. ಇಲ್ಲ ಅನ್ನಲ್ಲ." ಎಂದ ಅವನು. "ಆದ್ರೂ ದಿನಾ ಕೆಲಸ ಬಿಟ್ಟು ಬಂದು ನಾಲ್ಕೂ ನಲವತ್ತಕ್ಕೆ ಈ ಫೋನ್ ನೋಡ್ತಾ ಕೂತಿರ್ತೀನಿ. ಯಾಕೆ ಅಂತ ಅಮ್ಮನಿಗೆ ನಂಗಿಂತ ಮೊದಲೇ ಗೊತ್ತಾಯ್ತು."

ಅವಳು ಕಣ್ಣು ಮುಚ್ಚಿದಳು. ನಾಚಿಕೆ ಇನ್ನೂ ಅಲ್ಲೇ ಇತ್ತು, ಎದೆಯ ಒಂದು ಮೂಲೆಯಲ್ಲಿ. ಅದು ಬೇಗ ಹೋಗುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅದರ ಪಕ್ಕದಲ್ಲಿ ಈಗ ಇನ್ನೊಬ್ಬರು ಕೂರಲು ಜಾಗವಿತ್ತು.

"ನಂಗೂ ಗೊತ್ತು," ಎಂದಳು. "ಹೇಳೋಕೆ ಮುಖ ಇರ್ಲಿಲ್ಲ. ನೀವಂದ್ರೆ ನಂಗೆ... ತುಂಬಾ ಇಷ್ಟ."

ಆ ಕಡೆ ಅವನು ನಕ್ಕ ಸದ್ದು, ಸಣ್ಣಗೆ, ನಡುಗುತ್ತ.

"ನಾಳೆನೂ ಮಾಡ್ತೀಯಾ?"

ನೀವು ಹೋಗಿ ನೀನು ಆಗಿತ್ತು. ಅವಳ ಕಣ್ಣೀರು ರಿಸೀವರಿನ ಮೇಲೆ ಬಿತ್ತು.

"ಮಾಡ್ತೀನಿ."

"ನಾನು ಕೆಲಸದಿಂದ ಬರೋದು ತಡ ಆದ್ರೆ? ಅಮ್ಮ ನಿಧಾನ ಮಾಡಿದ್ರೆ?"

"ಆಗ್ಲಿ," ಎಂದಳು ಅವಳು. "ನೀವು ಎತ್ತೋವರೆಗೂ ನಾನು ಇಡಲ್ಲ."