ಹಿಮಠಾಣೆಯ ಪಲ್ಲಾಡಿಯಂ

ಬಾಗಿಲು ಬಡಿದ ಸದ್ದಿಗೆ ಎದ್ದು ಬಂದೆ. ಬುರುಲೈ ಅಕ್ಕ ಅಷ್ಟರಲ್ಲೇ ಚಿಲಕ ತೆಗೆದಿದ್ದರು. ಹೊಸ್ತಿಲಲ್ಲಿ, ಹಿಮ ಮೆತ್ತಿದ ಶಾಲಿನೊಳಗೆ, ಹಿಮಠಾಣೆಯ ರೇಡಿಯೋ ನಡೆಸುವ ಐಚುರೆಕ್ ನಿಂತಿದ್ದಳು.

"ನನ್ನ ತಮ್ಮ ಕುಬಾತ್‌ನ ಹಿಡಿದಿದ್ದಾರೆ ಅಕ್ಕ. ಬೆಳಿಗ್ಗೆ ಜೈಲಿಗೆ ಒಯ್ತಾರಂತೆ. ಅವನು ಕದ್ದಿಲ್ಲ."

"ಕುಬಾತ್ ಏನಂತಾನೆ?"

"ಬಾಯೇ ಬಿಡ್ತಿಲ್ಲ."

ನಿವೃತ್ತರಾಗಿದ್ದರೂ ನಮ್ಮ ತ್ಯಾನ್‌ಶಾನ್ ಕಣಿವೆಗೆ ಪತ್ತೇದಾರರೆಂದರೆ ಬುರುಲೈ ಅಕ್ಕನೇ. ಅವರ ಜೀಪು ಓಡಿಸುವವನು ನಾನು. ನಸುಕಿನಲ್ಲೇ ಮೂವರೂ ಹಿಮಕುಸಿತದ ಎಚ್ಚರಿಕೆ ಠಾಣೆ ತಲುಪಿದೆವು. ಬೆಟ್ಟದ ಮೇಲಿನ ಕುರಿಗಾಹಿಗಳಿಗೆ ಅಲ್ಲಿಂದಲೇ ರೇಡಿಯೋ ಸುದ್ದಿ ಹೋಗುತ್ತಿತ್ತು. ಸೋವಿಯತ್ ಸೇನೆ ಬಿಟ್ಟುಹೋದ ಆ ರೇಡಿಯೋ ಯಂತ್ರದಲ್ಲಿ ಕೆಪಾಸಿಟರುಗಳೆಂಬ ಪುಟ್ಟ ಹಸಿರು ಬಿಡಿಭಾಗಗಳೊಳಗೆ ಬೆಲೆಬಾಳುವ ಪಲ್ಲಾಡಿಯಂ ಲೋಹ ಇತ್ತು. ದಾಸ್ತಾನು ತಪಾಸಣೆಗೆ ಬಂದ ಅಧಿಕಾರಿ ರಾಯಿಂಬೆಕ್ ಮುಚ್ಚಳ ತೆರೆದಾಗ ಅವು ಮಾಯವಾಗಿದ್ದವು. ಬೀಗದ ಕೈ ಕಾವಲುಗಾರ ಕುಬಾತನ ಬಳಿ ಇತ್ತು.

ಅಕ್ಕ ಯಂತ್ರದೊಳಗೆ ಟಾರ್ಚು ಬಿಟ್ಟು ನೋಡಿದರು. ಬ್ಯಾಟರಿಗಳನ್ನು ಸವರಿದರು, ಹೊಚ್ಚ ಹೊಸವು. ಆಮೇಲೆ ಮೈಕ್ ಹಿಡಿದು ಮೇಲಿನ ಬಿಡಾರದ ಮುದುಕನನ್ನು ಮಾತಾಡಿಸಿದರು.

"ಮೊನ್ನೆ ಎಚ್ಚರಿಕೆ ಬಂತಾ ತಾತ?"

"ಬಂತಮ್ಮ. ದನಿ ಸರಿಯಾಗಿ ಕೇಳುತ್ತಾ, ಕೇಳುತ್ತಾ ಅಂತ ಮತ್ತೆ ಮತ್ತೆ ಕೇಳಿ ತಲೆ ತಿಂದ್ರು."

ಅಕ್ಕ ಎಲ್ಲರನ್ನೂ ಒಲೆಯ ಸುತ್ತ ಕೂರಿಸಿದರು.

"ಗುಜರಿಗೆ ಮಾರಿದಾನೆ, ಮತ್ತೇನು?" ಎಂದ ರಾಯಿಂಬೆಕ್.

"ಗುಜರಿ ಕಳ್ಳ ತಂತಿ ಕತ್ತರಿಸಿ ಕಿತ್ಕೊಂಡು ಹೋಗ್ತಾನಪ್ಪ. ಪಕ್ಕದಲ್ಲಿರೋ ಚಿನ್ನದ ಲೇಪದ ಪಿನ್ನುಗಳನ್ನೂ ಬಿಡಲ್ಲ. ಇಲ್ಲಿ ಬೆಸುಗೆ ಕರಗಿಸಿ ತೆಗೆದು, ಆ ಜಾಗಕ್ಕೆ ಅಗ್ಗದ ಭಾಗಗಳನ್ನ ಕೂರಿಸಿದಾರೆ. ಯಂತ್ರ ಒಂದು ದಿನವೂ ಮೂಕವಾಗಿಲ್ಲ. ಕುಬಾತ್‌ಗೆ ಬೆಸುಗೆ ಬರುತ್ತಾ?"

"ಟೀ ಕೆಟಲಿಗೆ ಹಿಡಿಕೆ ಸಿಕ್ಕಿಸೋಕೂ ಬರಲ್ಲ ಅವನಿಗೆ," ಠಾಣೆಯ ಮುಖ್ಯಸ್ಥ ತೊಕ್ತೋಸುನ್ ಪಿಸುಗುಟ್ಟಿದ. ವಾರದ ಜ್ವರಕ್ಕೆ ಅವನ ಗಂಟಲು ಕಟ್ಟಿಹೋಗಿತ್ತು.

"ಮಾರಿದ ದುಡ್ಡು ಎಲ್ಲಿ ಹೋಯ್ತು ಅಂದ್ರೆ, ಆ ಬ್ಯಾಟರಿ ನೋಡಿ. ಎಷ್ಟು ಬೇಡಿದ್ರೂ ನಿಮ್ಮ ಕಚೇರಿ ಕಳಿಸಲಿಲ್ಲ, ಅಲ್ವಾ?" ಎಂದರು ಅಕ್ಕ.

ರಾಯಿಂಬೆಕ್ ಒಲೆಯತ್ತ ಮುಖ ತಿರುಗಿಸಿದ.

"ಇಲ್ಲಿ ಬೆಸುಗೆ ಬಲ್ಲವರು, ಮೈಕ್ ಮುಂದೆ ಕೂರೋರು ಇಬ್ಬರೇ. ಹೊಸ ಭಾಗ ಕೈಕೊಟ್ಟರೆ ಬೆಟ್ಟದ ಮೇಲಿನವರು ಹಿಮದಡಿ ಹೋಗ್ತಾರೆ ಅಂತ ಹೆದರಿ, ದನಿ ಕೇಳುತ್ತಾ ಅಂತ ವಿಚಾರಿಸಿದೋರು ಯಾರು? ತೊಕ್ತೋಸುನ್‌ಗೆ ದನಿಯೇ ಇಲ್ಲ. ಕುಬಾತ್ ಬಾಯಿ ಮುಚ್ಚಿಕೊಂಡು ಜೈಲಿಗೆ ಹೊರಟಿರೋದು ಯಾರಿಗೋಸ್ಕರ?"

ಕುಬಾತ್ ಮುಖ ಮುಚ್ಚಿಕೊಂಡ. ಅಕ್ಕ ಎದ್ದು, ಪಕ್ಕದಲ್ಲಿ ಕೂತವಳ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟರು.

"ಐಚುರೆಕ್."